ಯು-181ಗೆ ಸ್ಕಿನ್ ಮಾಡುತ್ತಿದ್ದೇನೆ, ಬಂಪ್ ಮ್ಯಾಪ್ ಹಾಕಿದರೆ ತುಕ್ಕೆಲ್ಲ ಗುಂಡಿ ಬಿದ್ದ ಹಾಗೆ ಕಾಣುತ್ತಿದೆ

ದಕ್ಕೆಹುಡುಗ

ಎಲ್ಲರಿಗೂ ನಮಸ್ಕಾರ. ಸೈಲೆಂಟ್ ಹಂಟರ್ 4 ಅನ್ನುವ ಸಬ್‌ಮರೀನ್ ಆಟ ಇನ್ನೂ ಆಡುವವರು ಇಲ್ಲಿ ಇದ್ದಾರೆ ಅಂದುಕೊಂಡು ಬರೆಯುತ್ತಿದ್ದೇನೆ. 2007ರ ಆಟ, ಹಳೆಯದು ನಿಜ. ಆದರೆ 2008ರಲ್ಲಿ ಬಂದ ಯು-ಬೋಟ್ ಮಿಷನ್ಸ್ ಅನ್ನುವ ಹೆಚ್ಚುವರಿ ಭಾಗ ಸೇರಿಸಿಕೊಂಡರೆ ಹಿಂದೂ ಮಹಾಸಾಗರದಲ್ಲಿ ಟೈಪ್ 9ಡಿ2 ಅನ್ನುವ ಜರ್ಮನ್ ಸಬ್ (ಯು-ಬೋಟ್) ಓಡಿಸಬಹುದು. ನನಗೆ ಬೇಕಾಗಿದ್ದೂ ಅದೇ.

ನಾನು ಮಾಡುತ್ತಿರುವುದು ಯು-181 ಅನ್ನುವ 9ಡಿ2 ಬೋಟಿನ ಸ್ಕಿನ್, ಅಂದರೆ ಆಟದಲ್ಲಿ ಅದರ ಮೈಗೆ ಹೊದಿಸುವ ಚಿತ್ರ. 1943ರ ಮಾರ್ಚ್ 23ಕ್ಕೆ ಫ್ರಾನ್ಸಿನ ಬೋರ್ಡೋದಿಂದ ಹೊರಟು, ಆಫ್ರಿಕಾ ಸುತ್ತಿ ಮಾರಿಷಸ್ ಕಡೆಗೆಲ್ಲ ಹೋಗಿ, ಅಕ್ಟೋಬರ್ 14ಕ್ಕೆ ವಾಪಸ್ ಬಂದ ಬೋಟ್ ಇದು. 206 ದಿನ! ಮಧ್ಯೆ ಎಣ್ಣೆ ತುಂಬಿಸಿಕೊಂಡಿದ್ದೂ ನಡುಸಮುದ್ರದಲ್ಲೇ, ಟ್ಯಾಂಕರ್‌ನಿಂದ. ಅಂಥ ಬೋಟಿನ ಮೈ ಹೇಗಿರಬೇಕು ಯೋಚನೆ ಮಾಡಿ. ಆಟದ ಜೊತೆ ಬರುವ ಸ್ಕಿನ್ ಹಾಕಿಕೊಂಡು ಮಾರಿಷಸ್ ಹತ್ತಿರ ಮೇಲೆ ಬಂದರೆ ಈಗಷ್ಟೇ ಪೇಂಟ್ ಹೊಡೆದು ನೀರಿಗೆ ಇಳಿಸಿದ ಹಾಗಿರುತ್ತದೆ. ನನಗೆ ಅದು ಸಹಿಸಲು ಆಗುವುದಿಲ್ಲ.

ಮಲ್ಪೆ ನನಗೆ ಹತ್ತಿರ. ಜೂನ್ 1ರಿಂದ ಜುಲೈ 31ರವರೆಗೆ ಮೀನುಗಾರಿಕೆಗೆ ರಜೆ ಅಲ್ವಾ, ಆಗ ರಿಪೇರಿಗೆ ಅಂತ ದಡಕ್ಕೆ ಎಳೆದ ಸ್ಟೀಲ್ ಬೋಟುಗಳ ತಳದ ಫೋಟೋ ತೆಗೆದುಕೊಂಡು ಬಂದಿದ್ದೆ. ತುಕ್ಕು, ಪಾಚಿ, ಚಿಪ್ಪು, ಎದ್ದು ಹೋದ ಬಣ್ಣ, ಎಲ್ಲ ಇದೆ. ಅವನ್ನು ಲೇಯರ್ ಮಾಡಿ ಬಣ್ಣದ ಟೆಕ್ಸ್ಚರ್ ಕೂರಿಸಿದೆ. ಚೆನ್ನಾಗಿ ಬಂತು. ಆಮೇಲೆ ಅದೇ ಚಿತ್ರವನ್ನು ಕಪ್ಪು-ಬಿಳುಪು ಮಾಡಿ, ಗಿಂಪ್ ಅನ್ನುವ ಚಿತ್ರ ತಿದ್ದುವ ತಂತ್ರಾಂಶದ ನಾರ್ಮಲ್ ಮ್ಯಾಪ್ ಫಿಲ್ಟರ್ ಹಾಕಿ, ಡಿಡಿಎಸ್ ಫೈಲ್ ಮಾಡಿ ಆಟಕ್ಕೆ ಸೇರಿಸಿದೆ.

ಈಗ ನೋಡಿದರೆ ತುಕ್ಕಿನ ಪ್ರತಿ ಕಲೆಯೂ ಗುಂಡಿ. ಬಿಳಿ ಉಪ್ಪಿನ ಗೆರೆಗಳೆಲ್ಲ ಉಬ್ಬಿದ ನರಗಳ ಹಾಗೆ. ಸಾಲದ್ದಕ್ಕೆ ಬೆಳಕು ಕೆಳಗಿಂದ ಬಿದ್ದಂತಿದೆ. ಸ್ಟ್ರೆಂತ್ ಕಡಿಮೆ ಮಾಡಿದರೆ ಎಲ್ಲವೂ ಮಾಯ, ಜಾಸ್ತಿ ಮಾಡಿದರೆ ಕಿತ್ತಳೆ ಸಿಪ್ಪೆ. ಎರಡು ವಾರದಿಂದ ಇದರಲ್ಲೇ ಇದ್ದೇನೆ. ಎಲ್ಲಿ ತಪ್ಪುತ್ತಿದ್ದೇನೆ?

ಪೆರಿಸ್ಕೋಪ್78

ತಪ್ಪಿರುವುದು ಸ್ಟ್ರೆಂತ್‌ನಲ್ಲಲ್ಲ, ಬಣ್ಣದ ಚಿತ್ರದಿಂದ ಬಂಪ್ ಮಾಡಿದ್ದರಲ್ಲಿ.

ಬಂಪ್ ಮ್ಯಾಪ್ ಅಂದರೆ ಎತ್ತರದ ನಕ್ಷೆ. ಬಿಳಿ ಇದ್ದಲ್ಲಿ ಎತ್ತರ, ಕಪ್ಪು ಇದ್ದಲ್ಲಿ ತಗ್ಗು, ಅಷ್ಟೇ. 1978ರಲ್ಲಿ ಜೇಮ್ಸ್ ಬ್ಲಿನ್ ಈ ಉಪಾಯ ಹೇಳಿದಾಗಿನಿಂದ ಅದರ ಅರ್ಥ ಬದಲಾಗಿಲ್ಲ: ಮೇಲ್ಮೈ ಹಾಗೇ ಇರುತ್ತದೆ, ಅದು ಯಾವ ಕಡೆಗೆ ಮುಖ ಮಾಡಿದೆ ಅನ್ನುವ ಲೆಕ್ಕ ಮಾತ್ರ ಬದಲಾಗುತ್ತದೆ, ಬೆಳಕು ಅದಕ್ಕೆ ತಕ್ಕ ಹಾಗೆ ಬೀಳುತ್ತದೆ. ನಾರ್ಮಲ್ ಮ್ಯಾಪ್ ಆ ಮುಖದ ದಿಕ್ಕನ್ನೇ ಕೆಂಪು, ಹಸಿರು, ನೀಲಿಯಲ್ಲಿ ಬರೆದಿಡುತ್ತದೆ. ಸಮತಟ್ಟಾದ ಜಾಗ 128, 128, 255. ಆ ತಿಳಿ ನೇರಳೆ-ನೀಲಿ ಬಣ್ಣ ಬರುವುದು ಅದಕ್ಕೇ.

ಫಿಲ್ಟರ್‌ಗೆ ತುಕ್ಕು ಅಂದರೆ ಏನು ಗೊತ್ತು? ಅದಕ್ಕೆ ಕಾಣುವುದು ಕಪ್ಪು. ಕಪ್ಪು ಅಂದರೆ ತಗ್ಗು. ನೀವು ಕೊಟ್ಟಿದ್ದನ್ನೇ ಅದು ಮಾಡಿದೆ.

ನಾನು ಇಟ್ಟುಕೊಂಡಿರುವ ಕ್ರಮ ಹೇಳುತ್ತೇನೆ. ಕಣ್ಣು ಮುಚ್ಚಿ ಆ ಸ್ಟೀಲಿನ ಮೇಲೆ ಅಂಗೈ ಸವರಿಕೊಂಡು ಹೋದರೆ ಏನು ಸಿಗುತ್ತದೆ? ಅದು ಬಂಪ್. ಕಣ್ಣಿಗೆ ಮಾತ್ರ ಕಾಣುವುದು ಬಣ್ಣದ ಟೆಕ್ಸ್ಚರ್‌ಗೆ. ತುಕ್ಕು ಇಳಿದ ಗೆರೆ ಕೈಗೆ ಸಿಗುವುದಿಲ್ಲ, ಆದ್ದರಿಂದ ಅದಕ್ಕೆ ಬಂಪ್‌ನಲ್ಲಿ ಜಾಗವಿಲ್ಲ. ಪ್ಲೇಟ್ ಕೂಡಿದ ಕಡೆ ಇದೆ. ನೀರು ಒಳಗೆ ಹೋಗಲು ಬಿಟ್ಟ ತೂತುಗಳ ಅಂಚು ಇದೆ. ಹ್ಯಾಚಿನ ಬಾಯಿ ಇದೆ.

ಹಾಗಾಗಿ ಒಂದು ಖಾಲಿ ಬೂದು ಲೇಯರ್ ತೆಗೆದುಕೊಂಡು ಎತ್ತರವನ್ನು ಕೈಯಾರೆ ಬರೆಯಿರಿ. ಫೋಟೋ ಪಕ್ಕದಲ್ಲಿ ನೋಡಲು ಮಾತ್ರ ಇರಲಿ. ಬೇಸರದ ಕೆಲಸ, ಆದರೆ ನನಗೆ ಬೇರೆ ದಾರಿಯಿಂದ ಒಮ್ಮೆಯೂ ಸರಿಯಾಗಿ ಬಂದಿಲ್ಲ.

ಬೆಳಕು ಕೆಳಗಿಂದ ಬರುವುದು ಹಸಿರು ಚಾನೆಲ್ ತಲೆಕೆಳಗಾಗಿರುವುದರಿಂದ. ಅದನ್ನು ಇನ್ವರ್ಟ್ ಮಾಡಿ ನೋಡಿ.

ಹೊಸಬ_ಹುಬ್ಬಳ್ಳಿ

ಅಣ್ಣ, ಹಸಿರು ತಲೆಕೆಳಗು ಅಂದರೇನು? ನನ್ನದೂ ಹೀಗೇ ಆಗಿದೆ, ನಾನು ಬ್ಲೆಂಡರ್ ಅನ್ನುವ 3ಡಿ ತಂತ್ರಾಂಶದಲ್ಲಿ ಬೇಕ್ ಮಾಡಿದ್ದು, ಅಂದರೆ 3ಡಿ ಮಾದರಿಯಿಂದಲೇ ನಾರ್ಮಲ್ ಮ್ಯಾಪ್ ತೆಗೆದದ್ದು.

ಪೆರಿಸ್ಕೋಪ್78

ಕೆಂಪು ಹೇಳುವುದು ಎಡ-ಬಲದ ಓರೆ, ಹಸಿರು ಹೇಳುವುದು ಮೇಲೆ-ಕೆಳಗಿನ ಓರೆ. ಮೇಲಕ್ಕೆ ಓರೆ ಇದ್ದರೆ ಹಸಿರು ಜಾಸ್ತಿ ಅಂತ ಕೆಲವು ಕಡೆ, ಕಡಿಮೆ ಅಂತ ಕೆಲವು ಕಡೆ. ಬ್ಲೆಂಡರ್ ಸುಮ್ನೆ ಬಿಟ್ಟರೆ ಓಪನ್‌ಜಿಎಲ್ ಪದ್ಧತಿಯಲ್ಲಿ, ಅಂದರೆ ಮೇಲಕ್ಕೆ ಓರೆ ಇದ್ದರೆ ಹಸಿರು ಜಾಸ್ತಿ ಅಂತ, ಬರೆಯುತ್ತದೆ. ಡೈರೆಕ್ಟ್‌ಎಕ್ಸ್ ಪದ್ಧತಿ ಅದಕ್ಕೆ ಉಲ್ಟಾ.

ಬಾಯಿಪಾಠ ಮಾಡುವುದಕ್ಕಿಂತ ಪರೀಕ್ಷೆ ಮಾಡಿ. ಎತ್ತರದ ಚಿತ್ರದಲ್ಲಿ ಒಂದೇ ಒಂದು ದೊಡ್ಡ ಗುಮ್ಮಟ ಬರೆಯಿರಿ, ಮಗುಚಿ ಹಾಕಿದ ಬಟ್ಟಲಿನ ಹಾಗೆ. ಆಟಕ್ಕೆ ಹಾಕಿ ಮಧ್ಯಾಹ್ನದ ಬಿಸಿಲಲ್ಲಿ ನೋಡಿ. ಗುಮ್ಮಟದ ಮೇಲ್ಭಾಗ ಬೆಳಗಿದರೆ ಸರಿ. ಕೆಳಭಾಗ ಬೆಳಗಿದರೆ ಹಸಿರನ್ನು ತಿರುಗಿಸಿ. ಎಡ-ಬಲಕ್ಕೂ ಹೀಗೇ, ಬೆಳಗಿನ ಸೂರ್ಯನಲ್ಲಿ ನೋಡಿ.

ಒಂದು ಬದಿ ಸರಿ ಇದ್ದು ಇನ್ನೊಂದು ಬದಿ ತಪ್ಪು ಕಂಡರೆ ಮಾತ್ರ ಚಾನೆಲ್‌ಗೆ ಕೈ ಹಾಕಬೇಡಿ. ಅದು ಯುವಿ ಕನ್ನಡಿಯ ಸಮಸ್ಯೆ. ಯುವಿ ಅಂದರೆ ಚಿತ್ರದ ಯಾವ ಭಾಗ ಮೈಯ ಯಾವ ಜಾಗಕ್ಕೆ ಅನ್ನುವ ಲೆಕ್ಕ. ಎಡ-ಬಲ ಎರಡೂ ಬದಿಗೆ ಒಂದೇ ತುಂಡು ಚಿತ್ರ ಬಳಸಿ, ಒಂದು ಕಡೆ ತಿರುಗಿಸಿ ಅಂಟಿಸಿರುತ್ತಾರೆ. ಚಾನೆಲ್ ತಿರುಗಿಸಿದರೆ ಸರಿ ಇದ್ದ ಬದಿಯೂ ಕೆಡುತ್ತದೆ.

ನೀಲಿನೀರು

ಕನ್ನಡಿ ಯುವಿ ಬಗ್ಗೆ ಒಂದು ಮಾತು ಸೇರಿಸುತ್ತೇನೆ. ಕಾನಿಂಗ್ ಟವರ್ (ಸಬ್ ಬೆನ್ನಿನ ಮೇಲೆ ಎದ್ದ ಗೋಪುರ) ಮೇಲೆ ಲಾಂಛನ ಹಾಕುವವರು ಇದನ್ನು ಮೊದಲು ನೋಡಿಕೊಳ್ಳಬೇಕು. ಯು-47ರ ಗೂಳಿ, ಯು-96ರ ನಗುವ ಗರಗಸಮೀನು, ಇಂಥವು ಕನ್ನಡಿಯಾದರೆ ಎರಡೂ ಬದಿಯಲ್ಲಿ ಒಂದೇ ಕಡೆಗೆ, ಅಂದರೆ ಮೂತಿಯ ಕಡೆಗೆ ನೋಡುತ್ತವೆ, ಕಣ್ಣಿಗೆ ಏನೂ ತೊಂದರೆಯಿಲ್ಲ. ಅಕ್ಷರ, ಅಂಕಿ ಬರೆದರೆ ಒಂದು ಬದಿಯಲ್ಲಿ ಉಲ್ಟಾ. ಯುದ್ಧ ಶುರುವಾದ ಮೇಲೆ ಟವರ್ ಮೇಲಿನ ದೊಡ್ಡ ನಂಬರುಗಳನ್ನು ಜರ್ಮನ್ನರು ಅಳಿಸಿದ್ದರು. ಹಾಗಾಗಿ 1943ರ ಬೋಟಿಗೆ ನಂಬರ್ ಬರೆಯುವ ಅಗತ್ಯವೇ ಇಲ್ಲ.

ಇನ್ನೊಂದು. ದಕ್ಕೆಹುಡುಗ ಅವರೇ, ಹಾಕಿರುವ ಸ್ಕ್ರೀನ್‌ಶಾಟ್‌ನಲ್ಲಿ ನೀರಿನ ಗೆರೆಯ ಕೆಳಗೆ ಕೆಂಪು ಬಣ್ಣ ಕಾಣುತ್ತಿದೆ. ಮಲ್ಪೆ ಫೋಟೋಗಳಿಂದ ಬಂದಿರಬೇಕು. ಸರಕು ಹಡಗಿಗೆ, ಮೀನಿನ ಬೋಟಿಗೆ ಕೆಂಪು ಸರಿ. ಯು-ಬೋಟಿನ ಕೆಳಗೆ ಗಾಢ ಬೂದು, ಮೇಲೆ ತಿಳಿ ಬೂದು. ಅಮೆರಿಕದ ಸಬ್‌ಗಳಾದರೆ ಕೆಳಗೆ ಕಪ್ಪು, ಮೆಷರ್ 9 ಅನ್ನುವ ಪದ್ಧತಿಯಲ್ಲಂತೂ ಪೂರ್ತಿ ಕಪ್ಪೇ.

ದಕ್ಕೆಹುಡುಗ

ಕೆಂಪು ನಿಜ, ನನ್ನ ಗಮನಕ್ಕೇ ಬಂದಿರಲಿಲ್ಲ. ಇವತ್ತೇ ತೆಗೆಯುತ್ತೇನೆ. ಹಸಿರು ಚಾನೆಲ್ ತಿರುಗಿಸಿದೆ, ಬೆಳಕು ಈಗ ಮೇಲಿಂದಲೇ ಬೀಳುತ್ತಿದೆ, ತುಂಬಾ ಥ್ಯಾಂಕ್ಸ್ ಸರ್.

ಎತ್ತರದ ಚಿತ್ರ ಕೈಯಾರೆ ಬರೆಯಲು ಕೂತೆ. ಪ್ಲೇಟ್ ಗೆರೆ, ರಿವೆಟ್ ಸಾಲು ಎಲ್ಲ ಹಾಕಿದೆ. ಗುಂಡಿಗಳು ಹೋದವು. ಆದರೆ ಈಗ ಸಬ್ ಚಿಕ್ಕದಾಗಿ ಕಾಣುತ್ತಿದೆ, ಅಂಗಡಿಯಲ್ಲಿ ಇಟ್ಟ ಆಟಿಕೆಯ ಹಾಗೆ. ಕಾರಣ ಹೊಳೆಯುತ್ತಿಲ್ಲ.

ತುಕ್ಕುಬಣ್ಣ

ರಿವೆಟ್ ತೆಗೆಯಿರಿ ಮಾರಾಯ್ರೆ, ಎಲ್ಲವನ್ನೂ.

ಲೆಕ್ಕ ನೋಡಿ. 9ಡಿ2 ಉದ್ದ 87.6 ಮೀಟರ್. ನಿಮ್ಮ ಟೆಕ್ಸ್ಚರ್ 2048 ಅಗಲ. ಒಡಲು ಈ ತುದಿಯಿಂದ ಆ ತುದಿಗೆ ಪೂರ್ತಿ ಹರಡಿದೆ ಅಂತಲೇ ಇಟ್ಟುಕೊಂಡರೂ ಒಂದು ಪಿಕ್ಸೆಲ್‌ಗೆ ಸುಮಾರು 4.3 ಸೆಂ.ಮೀ. ಆಯಿತು. ಎರಡೂವರೆ ಸೆಂ.ಮೀ. ತಲೆಯ ರಿವೆಟ್ ಒಂದು ಪಿಕ್ಸೆಲ್ ಕೂಡ ಆಗುವುದಿಲ್ಲ. ನೀವು ಕಾಣಲಿ ಅಂತ ಮೂರು ಪಿಕ್ಸೆಲ್ ಹಾಕಿರುತ್ತೀರಿ, ಅಂದರೆ 13 ಸೆಂ.ಮೀ., ಇಡ್ಲಿಗಿಂತ ಅಗಲ. ಕಣ್ಣು ರಿವೆಟ್ಟಿನ ಅಳತೆ ಹಿಡಿದುಕೊಂಡು ಸಬ್ ಎಷ್ಟು ದೊಡ್ಡದು ಅಂತ ಊಹಿಸುತ್ತದೆ. ಅದಕ್ಕೇ ಆಟಿಕೆ ಆಗಿದೆ. ವೆಲ್ಡಿಂಗ್ ಗೆರೆಯೂ ಅಷ್ಟೇ, ಒಂದು ಪಿಕ್ಸೆಲ್, ಅದೂ ತೆಳ್ಳಗೆ. ಮೇಲಾಗಿ ಇವುಗಳ ಒತ್ತಡ ತಡೆಯುವ ಒಳ ಒಡಲು ವೆಲ್ಡ್ ಮಾಡಿದ್ದು, ರಿವೆಟ್ ಸಾಲುಗಳ ಹಳೇ ಉಗಿ ಹಡಗಲ್ಲ.

ಹಾಗಾದರೆ ಬಂಪ್‌ನಲ್ಲಿ ಏನು ಹಾಕಬೇಕು? ನನ್ನ ಪ್ರಕಾರ ಮುಖ್ಯವಾದದ್ದನ್ನು ಎಲ್ಲರೂ ಬಿಡುತ್ತಾರೆ. ಹೊರಗಿನ ತೆಳು ತಗಡು ಒಳಗಿನ ಪಕ್ಕೆಗಳ ಮಧ್ಯೆ ಸ್ವಲ್ಪ ಒಳಕ್ಕೆ ಹೋಗಿರುತ್ತದೆ. ವೆಲ್ಡಿಂಗ್ ಶಾಖಕ್ಕೆ ಸೊಟ್ಟಗಾಗುತ್ತದೆ, ಅಲೆ ಹೊಡೆದು ಹೊಡೆದು ಇನ್ನೂ ಒಳಗೆ ಹೋಗುತ್ತದೆ. ಬಡಕಲು ದನದ ಪಕ್ಕೆಲುಬು ಎಣಿಸಬಹುದಲ್ಲ, ಹಾಗೆ. ಪಕ್ಕೆಗಳ ಅಂತರ 60 ಸೆಂ.ಮೀ. ಇಟ್ಟುಕೊಂಡರೆ ನಿಮ್ಮ ಚಿತ್ರದಲ್ಲಿ 14 ಪಿಕ್ಸೆಲ್. ಆ 14 ಪಿಕ್ಸೆಲ್‌ನಲ್ಲಿ ಮೆಲ್ಲಗೆ ಇಳಿದು ಏರುವ ಅಲೆ. ಎಲ್ಲ ಕಡೆ ಒಂದೇ ಆಳ ಇರಬಾರದು. ಮೂತಿ ಕಡೆ ಜಾಸ್ತಿ, ನಡುವೆ ಅಲ್ಲಲ್ಲಿ ಬಿಟ್ಟು ಬಿಟ್ಟು.

ಇದು ನೆತ್ತಿಯ ಬಿಸಿಲಲ್ಲಿ ಕಾಣುವುದೇ ಇಲ್ಲ. ಸೂರ್ಯ ಇಳಿದಾಗ ನೋಡಿ. ಇಡೀ ಸಬ್ ತೂಕ ಬಂದ ಹಾಗೆ ಕೂರುತ್ತದೆ.

ನಾನು ಇದನ್ನು ಕಲಿತಿದ್ದು ವಿಶಾಖಪಟ್ಟಣದಲ್ಲಿ. ಐಎನ್‌ಎಸ್ ಕುರ್ಸುರ ಅಲ್ಲಿ ಬೀಚಿನ ಪಕ್ಕದಲ್ಲೇ ನಿಂತಿದೆ. 1969ರಲ್ಲಿ ನಮ್ಮ ನೌಕಾಪಡೆಗೆ ಸೇರಿದ ಸೋವಿಯತ್ ಫಾಕ್ಸ್‌ಟ್ರಾಟ್ ವರ್ಗದ ಸಬ್, 2001ರಲ್ಲಿ ನಿವೃತ್ತಿ, 2002ರಿಂದ ಮ್ಯೂಸಿಯಂ. ನೆಲದ ಮೇಲಿರುವುದರಿಂದ ತಳದವರೆಗೂ ಮೈ ಕಾಣುತ್ತದೆ, ಅದು ದೊಡ್ಡ ಭಾಗ್ಯ. ಮೈಗೆ ಕೆನ್ನೆ ತಾಗಿಸುವಷ್ಟು ಹತ್ತಿರ ನಿಂತು ಉದ್ದಕ್ಕೆ ದೃಷ್ಟಿ ಹಾಯಿಸಿದೆ. ಎದುರಿನಿಂದ ಸಪಾಟಾಗಿ ಕಂಡ ತಗಡು ಆಗ ಏರಿಳಿತ ತೋರಿಸಿತು. ಅರ್ಧ ಗಂಟೆ ಅಲ್ಲೇ ನಿಂತಿದ್ದೆ.

ಹೊಸಬ_ಹುಬ್ಬಳ್ಳಿ

ಕುರ್ಸುರ ಜರ್ಮನ್ ಬೋಟ್ ಅಲ್ಲವಲ್ಲ ಅಣ್ಣ, ಅದನ್ನು ನೋಡಿ 9ಡಿ2 ಮಾಡಬಹುದಾ?

ತುಕ್ಕುಬಣ್ಣ

ತೂತುಗಳ ಆಕಾರ, ಡೆಕ್, ಟವರ್ ಇವಕ್ಕೆ ಆಗುವುದಿಲ್ಲ. ತಗಡು ಹೇಗೆ ನಡೆದುಕೊಳ್ಳುತ್ತದೆ ಅನ್ನುವುದಕ್ಕೆ ಆಗುತ್ತದೆ. ಬಣ್ಣಕ್ಕೂ ಬೇಡ, ಮ್ಯೂಸಿಯಂ ಹಡಗಿಗೆ ಮತ್ತೆ ಮತ್ತೆ ಪೇಂಟ್ ಹೊಡೆದಿರುತ್ತಾರೆ. ಜರ್ಮನ್ ಬೋಟ್ ಬೇಕಾದರೆ ಷಿಕಾಗೋದ ಮ್ಯೂಸಿಯಂನಲ್ಲಿ ಯು-505 ಇದೆ, 1944ರ ಜೂನ್‌ನಲ್ಲಿ ಅಮೆರಿಕನ್ನರು ಹಿಡಿದದ್ದು, ಟೈಪ್ 9ಸಿ. 9ಡಿ2ಗೆ ಅದೇ ಹತ್ತಿರದ ನೆಂಟ. ಟೈಪ್ 7 ಮಾಡುವವರಿಗೆ ಜರ್ಮನಿಯ ಲಾಬೋದಲ್ಲಿ ಯು-995. ಎರಡರ ಫೋಟೋಗಳೂ ಹುಡುಕಿದರೆ ಬೇಕಾದಷ್ಟು ಸಿಗುತ್ತವೆ.

ಕಾರವಾರದವರು ಯಾರಾದರೂ ಇದ್ದರೆ, ನಿಮ್ಮ ಬೀಚಿನಲ್ಲಿರುವ ಐಎನ್‌ಎಸ್ ಚಪಲ್ ನೋಡಿ. ಅದು ಕ್ಷಿಪಣಿ ದೋಣಿ, ಸಬ್ ಅಲ್ಲ. ಆದರೂ ಉಪ್ಪುಗಾಳಿಗೆ ನಿಂತ ಯುದ್ಧನೌಕೆಯ ಸ್ಟೀಲು ನಮ್ಮ ರಾಜ್ಯದಲ್ಲೇ ನೋಡಲು ಸಿಗುವ ಜಾಗ.

ಸೋನಾರ್_ಕಿವಿ

ನಾನು ಸೈಲೆಂಟ್ ಹಂಟರ್ 3 ಮಾತ್ರ ಆಡುವವನು, 2005ರಿಂದ. ಅಲ್ಲಿ ಸಬ್‌ಗೆ ನಾರ್ಮಲ್ ಮ್ಯಾಪ್ ಇಲ್ಲ. ನೆರಳು, ಹೊಳಪು ಎಲ್ಲ ಬಣ್ಣದ ಚಿತ್ರದಲ್ಲೇ ಬರೆಯಬೇಕು. ಮೇಲೆ ಪೆರಿಸ್ಕೋಪ್ ಅವರು ಹೇಳಿದ ಕ್ರಮ ನಮಗೆ ನಡೆಯುವುದಿಲ್ಲ. ಕೈಯಲ್ಲಿ ಬರೆದ ನೆರಳಿನ ಚೆಂದವೇ ಬೇರೆ, ಅದನ್ನು ತಪ್ಪು ಅನ್ನಬೇಡಿ.

ಪೆರಿಸ್ಕೋಪ್78

ತಪ್ಪು ಅನ್ನಲಿಲ್ಲ, 3ಕ್ಕೆ ಅದೇ ಸರಿ. ಅಲ್ಲಿ ಕೆಲವರು ಮಾಡಿದ ಕೆಲಸ ನೋಡಿ ನಾನು ಕಲಿತಿದ್ದೇನೆ. ಆದರೆ ಆ ಸ್ಕಿನ್ ತಂದು 4ರಲ್ಲಿ ಹಾಕಿದರೆ ಕೆಡುತ್ತದೆ. ಚಿತ್ರದಲ್ಲಿ ಬರೆದ ಬೆಳಕು ಎಡಗಡೆಯಿಂದ, ಆಟದ ಸೂರ್ಯ ಬಲಗಡೆಯಿಂದ, ಎರಡೂ ಜಗಳ ಆಡುತ್ತವೆ. 4ರಲ್ಲಿ ಪ್ರತಿಯೊಂದಕ್ಕೂ ಬೇರೆ ಫೈಲ್ ಇದೆ: ಹೆಸರಿನ ಕೊನೆಗೆ ಟಿ01 ಇರುವುದು ಬಣ್ಣ, ಎನ್01 ನಾರ್ಮಲ್, ಓ01 ಮೂಲೆ-ಸಂದಿಗಳ ನೆರಳು. ಟವರ್ ಬುಡದಲ್ಲಿ, ರೇಲಿಂಗ್ ಕೆಳಗೆ ಬರುವ ಕತ್ತಲೆ ಓ01ಕ್ಕೆ ಸೇರಿದ್ದು. ಬಣ್ಣದ ಫೈಲಿನಲ್ಲಿ ಮತ್ತೆ ಬರೆದರೆ ಎರಡು ಸಲ ಕಪ್ಪಾಗುತ್ತದೆ.

ದಕ್ಕೆಹುಡುಗ

ರಿವೆಟ್ ಎಲ್ಲ ತೆಗೆದೆ. ಪಕ್ಕೆಯ ಅಲೆ ಬರೆದೆ. ನಿನ್ನೆ ರಾತ್ರಿ ಎರಡು ಗಂಟೆಯವರೆಗೆ ಕೂತಿದ್ದೆ. ತುಕ್ಕುಬಣ್ಣ ಅವರೇ, ನೀವು ಹೇಳಿದ್ದು ಪೂರ್ತಿ ನಿಜ. ಸಂಜೆ ಬೆಳಕಿನಲ್ಲಿ ನೋಡಿ ನನಗೆ ಮೈ ಜುಂ ಅಂದಿತು.

ಈಗ ಇನ್ನೊಂದು ತೊಂದರೆ. ಅಲೆ ನುಣ್ಣಗೆ ಇಳಿಯುವ ಬದಲು ಮೆಟ್ಟಿಲು ಮೆಟ್ಟಿಲಾಗಿ ಕಾಣುತ್ತಿದೆ. ಹತ್ತಿರ ಹೋದರೆ ಚಿಕ್ಕ ಚಿಕ್ಕ ಚೌಕಗಳೂ ಇವೆ.

ಪೆರಿಸ್ಕೋಪ್78

ಎರಡು ಬೇರೆ ಬೇರೆ ಕಾರಣ.

ಮೆಟ್ಟಿಲು ಬರುವುದು 8 ಬಿಟ್‌ನಿಂದ. ಕಪ್ಪಿನಿಂದ ಬಿಳಿಗೆ 256 ಹಂತ ಮಾತ್ರ ಇದೆ. ನಿಮ್ಮದು ತೀರ ಮೆಲ್ಲಗೆ ಇಳಿಯುವ ಅಲೆ, ಅದಕ್ಕೆ ಅದರಲ್ಲಿ ನಾಲ್ಕೋ ಐದೋ ಹಂತ ಸಿಕ್ಕಿರುತ್ತದೆ. ಗಿಂಪ್‌ನಲ್ಲಿ ಚಿತ್ರದ ಪ್ರಿಸಿಶನ್ 16 ಅಥವಾ 32 ಬಿಟ್ ಮಾಡಿ ಎತ್ತರವನ್ನು ಮತ್ತೆ ಬರೆಯಿರಿ. ಈಗಾಗಲೇ 8 ಬಿಟ್‌ನಲ್ಲಿ ಬರೆದದ್ದನ್ನು ಪರಿವರ್ತಿಸಿದರೆ ಸಾಲದು, ಮೆಟ್ಟಿಲು ಅದರಲ್ಲಿ ಕೂತುಬಿಟ್ಟಿದೆ, ಬ್ಲರ್ ಆದರೂ ಹಾಕಬೇಕು. ನಾರ್ಮಲ್ ಮ್ಯಾಪ್ ಆದ ಮೇಲೆ ಕೊನೆಗೆ 8ಕ್ಕೆ ಇಳಿಸಿ.

ಚೌಕಗಳು ಡಿಎಕ್ಸ್‌ಟಿ ಕಂಪ್ರೆಶನ್‌ನಿಂದ. ಅದು ಚಿತ್ರವನ್ನು 4×4 ಪಿಕ್ಸೆಲ್ ತುಂಡು ಮಾಡಿ, ಪ್ರತಿ ತುಂಡಿಗೂ ಎರಡು ಬಣ್ಣ ಆರಿಸಿ, ಉಳಿದದ್ದನ್ನು ಅವುಗಳ ನಡುವೆ ಹೊಂದಿಸುತ್ತದೆ. ಫೋಟೋಗೆ ನಡೆಯುತ್ತದೆ, ನಾರ್ಮಲ್ ಮ್ಯಾಪ್‌ಗೆ ನಡೆಯುವುದಿಲ್ಲ. ಕಂಪ್ರೆಸ್ ಮಾಡದೆ ಸೇವ್ ಮಾಡಿ. 2048 ಚೌಕದ ಫೈಲ್ ಡಿಎಕ್ಸ್‌ಟಿ1ರಲ್ಲಿ 2 ಎಂಬಿ, ಡಿಎಕ್ಸ್‌ಟಿ5ರಲ್ಲಿ 4, ಕಂಪ್ರೆಸ್ ಮಾಡದ 32 ಬಿಟ್‌ನಲ್ಲಿ 16. ಮಿಪ್‌ಮ್ಯಾಪ್ (ದೂರದಿಂದ ನೋಡುವಾಗ ಬಳಸಲು ಇಡುವ ಅದೇ ಚಿತ್ರದ ಚಿಕ್ಕ ಪ್ರತಿಗಳು) ಸೇರಿಸಿದರೆ ಇವಕ್ಕೆ ಮೂರನೇ ಒಂದು ಪಾಲು ಜಾಸ್ತಿ.

16 ಎಂಬಿ ಈಗಿನ ಕಾರ್ಡಿಗೆ ಲೆಕ್ಕಕ್ಕಿಲ್ಲ, ಆದರೆ ಆಟ 32 ಬಿಟ್‌ದು. ಎಷ್ಟು ರ‍್ಯಾಮ್ ಇದ್ದರೂ ಸುಮ್ನೆ ಬಿಟ್ಟರೆ 2 ಜಿಬಿ ಒಳಗೇ ಅದರ ಸಂಸಾರ. ನಿಮ್ಮ ಸಬ್ ಒಂದಕ್ಕೆ ಹೀಗೆ ಮಾಡಿ. ಎಲ್ಲ ಹಡಗಿಗೂ 4096 ಹಾಕಿ ತುಂಬಿದರೆ ಗಸ್ತಿನ ಮಧ್ಯೆ ಆಟ ನಿಂತುಹೋಗುತ್ತದೆ.

ಮಿಪ್‌ಮ್ಯಾಪ್ ಮಾತ್ರ ಬಿಡಬೇಡಿ. ಅದಿಲ್ಲದಿದ್ದರೆ ದೂರದಿಂದ ಸಬ್ ಮಿಣಮಿಣ ಮಿನುಗುತ್ತದೆ.

ನೀಲಿನೀರು

ಹಂಚುವ ಮೊದಲು ಇದೂ ಇರಲಿ. ಮಾಡ್‌ಗಳನ್ನು ಹಾಕಿ ತೆಗೆಯುವ ಜೆಎಸ್‌ಜಿಎಂಇ ತಂತ್ರಾಂಶ ಬಳಸಿ, ಮೂಲ ಫೈಲ್ ಮೇಲೆ ನೇರವಾಗಿ ಬರೆಯಬೇಡಿ. ಮಾಡ್ಸ್ ಫೋಲ್ಡರ್ ಒಳಗೆ ನಿಮ್ಮ ಸ್ಕಿನ್ ಹೆಸರು, ಅದರ ಒಳಗೆ ನೇರವಾಗಿ ಡೇಟಾ ಫೋಲ್ಡರ್, ಆಮೇಲೆ ಆಟದಲ್ಲಿ ಇರುವ ದಾರಿಯೇ ಹಾಗೇ. ಜಿಪ್ ಬಿಚ್ಚುವಾಗ ಒಂದು ಫೋಲ್ಡರ್ ಜಾಸ್ತಿ ಬಂದುಬಿಟ್ಟರೆ ಸ್ಕಿನ್ ಹತ್ತುವುದಿಲ್ಲ, "ನಿಮ್ಮ ಸ್ಕಿನ್ ಕೆಲಸ ಮಾಡುತ್ತಿಲ್ಲ" ಅಂತ ಬರುವ ದೂರು ಹೆಚ್ಚಾಗಿ ಇದೇ.

ಬೇರೆಯವರ ತುಕ್ಕು ಲೇಯರ್ ಏನಾದರೂ ಬಳಸಿದ್ದರೆ ಕೇಳಿ, ಹೆಸರು ಹಾಕಿ. ನನ್ನದೊಂದು ಡೆಕ್ ಹಲಗೆ ಚಿತ್ರ, ಅದಕ್ಕೆ ಒಂದೂವರೆ ತಿಂಗಳು ಕೂತಿದ್ದೆ, ಯಾರದ್ದೋ ಪ್ಯಾಕ್‌ನಲ್ಲಿ ಹೆಸರಿಲ್ಲದೆ ನೋಡಿದಾಗ ತುಂಬಾ ನೋವಾಗಿತ್ತು. ಕೇಳಿದ್ದರೆ ಖುಷಿಯಿಂದ ಕೊಡುತ್ತಿದ್ದೆ.

ದಕ್ಕೆಹುಡುಗ

ತುಕ್ಕು ಪೂರ್ತಿ ನನ್ನ ಫೋಟೋದಿಂದಲೇ. ಬೋಟಿನವರನ್ನು ಕೇಳಿಯೇ ತೆಗೆದದ್ದು. "ಇದೆಲ್ಲ ಯಾಕೆ ಮಾರಾಯ" ಅಂತ ಕೇಳಿದವರು ಆಮೇಲೆ ತಾವೇ ಕರೆದು ಚಿಪ್ಪು ಕಚ್ಚಿದ ಜಾಗ ತೋರಿಸಿದರು. ಬೋಟ್ ನಿಂತೇ ಇದ್ದರೆ ಬೇಗ ಕಟ್ಟುತ್ತದೆ, ಓಡುತ್ತಿದ್ದರೆ ನಿಧಾನ ಅಂತ ಅವರು ಹೇಳಿದ ಮೇಲೆ ನೀರಿನ ಗೆರೆ ಪಟ್ಟಿಯನ್ನೇ ಬದಲಾಯಿಸಿದೆ. ಪಾಚಿ ತೆಳ್ಳಗೆ, ನೀರು ಸುಳಿಯುವ ಕಡೆ, ಅಂದರೆ ಹಿಂಭಾಗದ ಸಂದಿಗಳಲ್ಲಿ ಸ್ವಲ್ಪ ದಪ್ಪ. ಚಿಪ್ಪು ಒಂದೊಂದಾಗಿ ಬರೆಯಲಿಲ್ಲ, ಅದು ಪಿಕ್ಸೆಲ್‌ಗಿಂತ ಚಿಕ್ಕದು. ಆ ಜಾಗದ ಎತ್ತರದಲ್ಲಿ ಸಣ್ಣ ಒರಟು ಹಾಕಿ, ಹೊಳಪು ಕಡಿಮೆ ಮಾಡಿದೆ.

ಪ್ಲೇಟ್ ಅಲೆ, ಒರಟು, ತೂತಿನ ಅಂಚು, ಮೂರನ್ನೂ ಎತ್ತರದ ಹಂತದಲ್ಲೇ ಕೂಡಿಸಿ ಕೊನೆಗೆ ಒಂದೇ ಸಲ ನಾರ್ಮಲ್ ಮ್ಯಾಪ್ ಮಾಡಿದೆ. ಮೊದಲು ಮೂರು ನಾರ್ಮಲ್ ಮ್ಯಾಪ್ ಮಾಡಿ ಒಂದರ ಮೇಲೊಂದು ಓವರ್‌ಲೇ ಹಾಕಿದ್ದೆ, ಎಲ್ಲ ಕಲಸಿಹೋಗಿತ್ತು.

16 ಬಿಟ್‌ನಲ್ಲಿ ಮತ್ತೆ ಬರೆದದ್ದರಿಂದ ಮೆಟ್ಟಿಲು ಹೋಗಿದೆ. ಕಂಪ್ರೆಸ್ ಮಾಡಲಿಲ್ಲ, ಚೌಕವೂ ಇಲ್ಲ.

ಇವತ್ತು ಬೆಳಗ್ಗೆ ಮಾರಿಷಸ್ ದಕ್ಷಿಣಕ್ಕೆ, ಆಟದ ಗಡಿಯಾರದಲ್ಲಿ ಐದೂಮುಕ್ಕಾಲಿಗೆ, ನೀರಿನಿಂದ ಮೇಲೆ ಬಂದೆ. ಸೂರ್ಯ ಈಗಷ್ಟೇ ಎದ್ದಿದ್ದ. ತೂತುಗಳಿಂದ ನೀರು ಸುರಿಯುತ್ತಿತ್ತು, ಅದರ ಹಿಂದೆ ಪಕ್ಕೆಗಳು ಒಂದೊಂದಾಗಿ ಬೆಳಕು ಹಿಡಿದವು, ಟವರ್ ಕೆಳಗೆ ತುಕ್ಕಿನ ಗೆರೆ ಸಪಾಟಾಗಿ ತಗಡಿಗೆ ಅಂಟಿಕೊಂಡಿತ್ತು. ಸ್ಕ್ರೀನ್‌ಶಾಟ್ ಹಾಕಿದ್ದೇನೆ, ನೋಡಿ.

ತುಕ್ಕುಬಣ್ಣ

ನೋಡಿದೆ. ಮೂತಿಯ ಹತ್ತಿರದ ಎರಡನೇ ಪ್ಲೇಟ್ ಚೂರು ಜಾಸ್ತಿ ಒಳಗೆ ಹೋಗಿದೆ, ಅದನ್ನು ಸರಿ ಮಾಡಬೇಡಿ, ಹಾಗೇ ಇರಲಿ. ಡೆಕ್ ಯಾವಾಗ?

ದಕ್ಕೆಹುಡುಗ

ನಾಳೆಯಿಂದ. ನೀಲಿನೀರು ಅವರೇ, ನಿಮ್ಮ ಹಲಗೆ ಚಿತ್ರ ಬಳಸಬಹುದಾ?

ನೀಲಿನೀರು

ಧಾರಾಳವಾಗಿ. ಲೇಯರ್ ಇರುವ ಮೂಲ ಫೈಲೇ ಕಳಿಸುತ್ತೇನೆ, ಹಲಗೆಗಳ ನಡುವಿನ ಸಂದಿ ಅದರಲ್ಲಿ ಬೇರೆ ಲೇಯರ್‌ನಲ್ಲಿದೆ, ನಿಮ್ಮ ಎತ್ತರದ ಚಿತ್ರಕ್ಕೆ ಅದೇ ಸಾಕು.